ಹದಿನಾರನೆಯ ವರ್ಷದ ಫಲ: ಯುಸಿಎಲ್‌ಎ ತಂಡದಲ್ಲಿ ಜಾನ್ ವುಡನ್

1948ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಎಲ್ಲರೂ ಯುಸಿಎಲ್‌ಎ ಎಂದು ಕರೆಯುವ ಸಂಸ್ಥೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ಮುಖ್ಯ ತರಬೇತುದಾರರಾಗಿ ಬಂದ ಜಾನ್ ವುಡನ್ ಅವರು ಮೊದಲ ಹದಿನೈದು ಋತುಗಳಲ್ಲಿ ಒಂದೇ ಒಂದು ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆಲ್ಲಲಿಲ್ಲ. ಅದಾದ ಮೇಲಿನ ಹನ್ನೆರಡು ಋತುಗಳಲ್ಲಿ ಹತ್ತು ಪ್ರಶಸ್ತಿ ಗೆದ್ದರು. ಅವುಗಳಲ್ಲಿ ಏಳು, 1967ರಿಂದ 1973ರವರೆಗೆ, ಒಂದು ವರ್ಷವೂ ತಪ್ಪದೆ ಬಂದವು. ಮನುಷ್ಯ ಅದೇ, ವಿಶ್ವವಿದ್ಯಾಲಯ ಅದೇ, ಆಟವನ್ನು ಕುರಿತ ಅವರ ನಂಬಿಕೆಗಳೂ ಬಹುಮಟ್ಟಿಗೆ ಅವೇ. ಹಾಗಿದ್ದರೆ ನಡುವೆ ಬದಲಾದದ್ದು ಏನು ಎಂಬುದೇ ಈ ಪ್ರಕರಣದ ಪ್ರಶ್ನೆ.

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ವುಡನ್ ಅವರನ್ನು ಋಷಿಯಂತೆ ಕಾಣುವವರು ಅವರ ನೀತಿಬೋಧೆಯನ್ನೂ, ಹದಿನೈದು ಕಲ್ಲುಗಳನ್ನು ಪೇರಿಸಿದಂತೆ ಅವರು ರೂಪಿಸಿದ ‘ಯಶಸ್ಸಿನ ಪಿರಮಿಡ್’ ಚಿತ್ರವನ್ನೂ ಮುಂದಿಡುತ್ತಾರೆ. ಅದನ್ನು ಒಪ್ಪದವರು, ಏಳು ಅಡಿಗೂ ಮಿಕ್ಕ ಎತ್ತರದ ಲ್ಯೂ ಆಲ್ಸಿಂಡರ್ (ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದವರು) ಮತ್ತು ಬಿಲ್ ವಾಲ್ಟನ್ ಅವರಂಥ ಆಟಗಾರರು ಸಿಕ್ಕರೆ ಯಾರು ಬೇಕಾದರೂ ಗೆಲ್ಲುತ್ತಾರೆ ಎನ್ನುತ್ತಾರೆ. ಪಿರಮಿಡ್ಡನ್ನು ವುಡನ್ ಬರೆಯತೊಡಗಿದ್ದು 1934ರಲ್ಲಿ, ಮುಗಿಸಿದ್ದು 1948ರಲ್ಲಿ. ಅದೊಂದೇ ಕಾರಣವಾಗಿದ್ದರೆ ಪ್ರಶಸ್ತಿಗಾಗಿ 1964ರವರೆಗೆ ಕಾಯಬೇಕಾಗಿರಲಿಲ್ಲ. ಆಲ್ಸಿಂಡರ್ ಮೊದಲ ಬಾರಿಗೆ ಯುಸಿಎಲ್‌ಎ ಪ್ರಧಾನ ತಂಡದ ಪರವಾಗಿ ಅಂಕಣಕ್ಕಿಳಿದದ್ದು 1966ರ ಕೊನೆಯಲ್ಲಿ. ಅಷ್ಟರಲ್ಲಿ ಎರಡು ಪ್ರಶಸ್ತಿಗಳು ಆಗಲೇ ಬಂದಾಗಿತ್ತು. ಆದ್ದರಿಂದ ಉತ್ತರವನ್ನು 1960 ಮತ್ತು 1964ರ ನಡುವಿನ ನಾಲ್ಕು ವರ್ಷಗಳಲ್ಲಿ, ತನ್ನ ಐವತ್ತನೆಯ ವಯಸ್ಸಿನ ಆಸುಪಾಸಿನಲ್ಲಿ ಒಬ್ಬ ಮೇಷ್ಟ್ರು ತನ್ನ ಪಾಠವನ್ನು ತಾನೇ ತಿದ್ದಿಕೊಂಡ ರೀತಿಯಲ್ಲಿ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

ಮೇಷ್ಟ್ರು ಎಂಬ ಮಾತನ್ನು ಇಲ್ಲಿ ಅಲಂಕಾರಕ್ಕಾಗಿ ಬಳಸುತ್ತಿಲ್ಲ. 1910ರ ಅಕ್ಟೋಬರ್ 14ರಂದು ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದ ವುಡನ್ ಬೆಳೆದದ್ದು ವಿದ್ಯುತ್ತಿಲ್ಲದ ಒಂದು ರೈತ ಮನೆಯಲ್ಲಿ. ಹಂದಿಗಳಿಗೆ ಹಾಕಿಸಿದ ಕಾಲರಾ ಲಸಿಕೆ ಕೆಟ್ಟದ್ದಾಗಿ ಹಿಂಡೆಲ್ಲ ಸತ್ತು, ಸಾಲ ತೀರಿಸಲಾಗದೆ ಅವರ ತಂದೆ ಜೋಶುವಾ ಜಮೀನು ಕಳೆದುಕೊಂಡರು. ದೂರಬೇಡ, ಗೊಣಗಬೇಡ, ನೆಪ ಹೇಳಬೇಡ ಎಂದು ಮಕ್ಕಳಿಗೆ ಹೇಳುತ್ತಿದ್ದ ಆ ತಂದೆ, ತನಗೆ ಬಂದ ನಷ್ಟದಲ್ಲಿಯೂ ಹಾಗೆಯೇ ನಡೆದುಕೊಂಡದ್ದನ್ನು ಮಗ ಕಣ್ಣಾರೆ ಕಂಡಿದ್ದರು. ಮಾರ್ಟಿನ್ಸ್‌ವಿಲ್ ಪ್ರೌಢಶಾಲೆಗೆ 1927ರಲ್ಲಿ ರಾಜ್ಯ ಪ್ರಶಸ್ತಿ ತಂದುಕೊಟ್ಟ ತಂಡದಲ್ಲಿ ಆಡಿದ ವುಡನ್, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾರ್ಡ್ ಲ್ಯಾಂಬರ್ಟ್ ಎಂಬ ತರಬೇತುದಾರರ ಕೈಕೆಳಗೆ ಪಳಗಿ, ಮೂರು ವರ್ಷವೂ ದೇಶದ ಅತ್ಯುತ್ತಮ ಆಟಗಾರರ ಪಟ್ಟಿಯಲ್ಲಿ ಸ್ಥಾನ ಪಡೆದರು. ವೇಗದ ಆಟ, ದೇಹದಾರ್ಢ್ಯ, ಮೂಲ ಕೌಶಲಗಳ ನಿರಂತರ ಅಭ್ಯಾಸ ಎಂಬ ಮೂರು ನಂಬಿಕೆಗಳು ಅವರಿಗೆ ಬಂದದ್ದು ಲ್ಯಾಂಬರ್ಟ್ ಅವರಿಂದ. ಪದವಿ ಪಡೆದದ್ದು ಇಂಗ್ಲಿಷ್ ಸಾಹಿತ್ಯದಲ್ಲಿ. 1932ರಲ್ಲಿ ನೆಲ್ ರೈಲಿ ಅವರನ್ನು ಮದುವೆಯಾಗಿ ಕೆಂಟಕಿಯ ಡೇಟನ್ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ, ಜೊತೆಗೆ ಕ್ರೀಡಾ ತರಬೇತುದಾರರಾಗಿ ಸೇರಿದರು. ಆ ಮೊದಲ ವರ್ಷ 6 ಗೆಲುವು, 11 ಸೋಲು. ಗೆಲುವಿಗಿಂತ ಸೋಲು ಹೆಚ್ಚಾದ ಋತು ಅವರ ಇಡೀ ಜೀವನದಲ್ಲಿ ಅದೊಂದೇ.

ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಹಲವು ವರ್ಷ ಪಾಠ ಹೇಳಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ಬಂದ ಮೇಲೆ 1946ರಲ್ಲಿ ಅವರು ಇಂಡಿಯಾನಾ ಸ್ಟೇಟ್ ಶಿಕ್ಷಕರ ಕಾಲೇಜಿನ ತಂಡವನ್ನು ವಹಿಸಿಕೊಂಡರು. ಅಲ್ಲಿನ ಒಂದು ಘಟನೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1947ರಲ್ಲಿ ಸಣ್ಣ ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿಗೆ ತಂಡಕ್ಕೆ ಆಹ್ವಾನ ಬಂತು. ಆದರೆ ಕರಿಯ ಆಟಗಾರರಿಗೆ ಅಲ್ಲಿ ಪ್ರವೇಶವಿರಲಿಲ್ಲ. ವುಡನ್ ಅವರ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕರಿಯ ವಿದ್ಯಾರ್ಥಿಯಿದ್ದರು. ಅವರು ಪ್ರಧಾನ ಆಟಗಾರರೇನೂ ಅಲ್ಲ, ಬೆಂಚಿನ ಮೇಲೆಯೇ ಹೆಚ್ಚು ಹೊತ್ತು ಕೂರುತ್ತಿದ್ದವರು. ಅವರನ್ನು ಊರಲ್ಲಿ ಬಿಟ್ಟು ಹೋಗಿದ್ದರೆ ತಂಡದ ಬಲ ಅಷ್ಟೇನೂ ಕುಂದುತ್ತಿರಲಿಲ್ಲ. ವುಡನ್ ಆಹ್ವಾನವನ್ನೇ ತಿರಸ್ಕರಿಸಿದರು. ಮರುವರ್ಷ ಆ ನಿಷೇಧ ತೆರವಾಯಿತು, ವಾಕರ್ ಆಡಿದರು, ತಂಡ ಫೈನಲ್‌ವರೆಗೆ ಹೋಗಿ ಲೂಯಿವಿಲ್ ಎದುರು ಸೋತಿತು. ಕಾಲೇಜು ಮಟ್ಟದ ಫೈನಲ್ ಪಂದ್ಯವೊಂದರಲ್ಲಿ ವುಡನ್ ಅವರ ತಂಡ ಸೋತದ್ದು ಅದೊಂದು ಸಲ ಮಾತ್ರ.

ಯುಸಿಎಲ್‌ಎ ಅವರ ಮೊದಲ ಆಯ್ಕೆಯಾಗಿರಲಿಲ್ಲ. ದಂಪತಿಗಳಿಗೆ ತಮ್ಮ ಮಧ್ಯಪಶ್ಚಿಮ ಸೀಮೆಯಲ್ಲೇ ಇರಬೇಕೆಂಬ ಆಸೆಯಿದ್ದು, ಮಿನೆಸೋಟಾ ವಿಶ್ವವಿದ್ಯಾಲಯದ ಕರೆಗಾಗಿ ಕಾದಿದ್ದರು. ಹಿಮಪಾತದಿಂದ ದೂರವಾಣಿ ತಂತಿಗಳು ಕೆಟ್ಟು ಆ ಕರೆ ಹೇಳಿದ ಹೊತ್ತಿಗೆ ಬರಲಿಲ್ಲ; ಯುಸಿಎಲ್‌ಎ ಕರೆ ಬಂತು, ವುಡನ್ ಒಪ್ಪಿಕೊಂಡರು. ಆಮೇಲೆ ಮಿನೆಸೋಟಾದವರು ಸಂಪರ್ಕಿಸಿದಾಗ, ಕೊಟ್ಟ ಮಾತು ಕೊಟ್ಟಾಯಿತು ಎಂದುಬಿಟ್ಟರು. ಎರಡು ವರ್ಷದ ನಂತರ ಅವರ ಹಳೆಯ ಪರ್ಡ್ಯೂ ವಿಶ್ವವಿದ್ಯಾಲಯ ಕರೆದಾಗ ಹೊರಡಲು ಸಿದ್ಧರಾಗಿದ್ದರು. ಆದರೆ ಮೂರು ವರ್ಷದ ಒಪ್ಪಂದ ಬೇಕೆಂದು ಹಟ ಹಿಡಿದವರು ನೀವೇ ಅಲ್ಲವೇ ಎಂದು ಯುಸಿಎಲ್‌ಎ ಆಡಳಿತದವರು ನೆನಪಿಸಿದಾಗ ಅಲ್ಲಿಯೇ ಉಳಿದರು.

ಉಳಿದದ್ದು ಎಂಥ ಜಾಗದಲ್ಲಿ ಎಂಬುದನ್ನು ಗಮನಿಸಬೇಕು. ಅಭ್ಯಾಸ ನಡೆಯುತ್ತಿದ್ದುದು ಪುರುಷರ ವ್ಯಾಯಾಮಶಾಲೆಯ ಮೂರನೆಯ ಮಹಡಿಯಲ್ಲಿ. ಗಾಳಿಯಾಡದ ಆ ಸಭಾಂಗಣಕ್ಕೆ ಬೆವರಿನ ನಾತವನ್ನು ಸೂಚಿಸುವ ಅಡ್ಡಹೆಸರೂ ಇತ್ತು. ಅದೇ ಹೊತ್ತಿನಲ್ಲಿ ಒಂದು ಮಗ್ಗುಲಲ್ಲಿ ಜಿಮ್ನಾಸ್ಟಿಕ್ಸ್‌ನವರು, ಇನ್ನೊಂದು ತುದಿಯಲ್ಲಿ ಕುಸ್ತಿಯವರು ಕಸರತ್ತು ನಡೆಸುತ್ತಿದ್ದರು. ನೆಲದ ಮೇಲೆ ಕೂತ ಸುಣ್ಣದ ಪುಡಿಯನ್ನೂ ದೂಳನ್ನೂ ತೆಗೆಯಲು ಪ್ರತಿದಿನ ಅಭ್ಯಾಸಕ್ಕೆ ಮುಂಚೆ ಮುಖ್ಯ ತರಬೇತುದಾರರೇ ವಿದ್ಯಾರ್ಥಿ ಸಹಾಯಕರ ಜೊತೆ ಸೇರಿ ಗುಡಿಸಿ ಒರೆಸುತ್ತಿದ್ದರು. 1955ರಲ್ಲಿ ಅಗ್ನಿಶಾಮಕ ಅಧಿಕಾರಿಗಳು ಪ್ರೇಕ್ಷಕರ ಸಂಖ್ಯೆಗೆ ಕಡಿವಾಣ ಹಾಕಿದ ಮೇಲೆ, ತವರಿನ ಪಂದ್ಯಗಳನ್ನು ಊರಿನ ಬೇರೆ ಬೇರೆ ಸಭಾಂಗಣಗಳಲ್ಲಿ ಆಡಬೇಕಾಯಿತು. ಬೇಗನೆ ಕಟ್ಟಿಸಿಕೊಡುತ್ತೇವೆಂದು ಭರವಸೆ ಕೊಟ್ಟಿದ್ದ ಹೊಸ ಕ್ರೀಡಾಂಗಣ, ಪಾಲೆ ಪೆವಿಲಿಯನ್, ತೆರೆದದ್ದು 1965ರಲ್ಲಿ. ಅಂದರೆ ಮೊದಲ ಎರಡು ರಾಷ್ಟ್ರೀಯ ಪ್ರಶಸ್ತಿಗಳ ತಂಡಗಳು ತಯಾರಾದದ್ದು ಆ ಮೂರನೆಯ ಮಹಡಿಯಲ್ಲೇ.

ಆ ಹದಿನೈದು ವರ್ಷಗಳು ಸೋಲಿನ ವರ್ಷಗಳು ಎಂದು ಭಾವಿಸಿದರೆ ಅದು ತಪ್ಪು. ಕೊನೆಯ ಸ್ಥಾನಕ್ಕೆ ಬೀಳುತ್ತದೆ ಎಂದು ಎಲ್ಲರೂ ಎಣಿಸಿದ್ದ ತಂಡದಿಂದ ಮೊದಲ ವರ್ಷವೇ 22 ಪಂದ್ಯ ಗೆಲ್ಲಿಸಿದರು, ಸೋತದ್ದು 7. ಆದರೆ ರಾಷ್ಟ್ರೀಯ ಪಂದ್ಯಾವಳಿಯ ಅನುಭವ ಬೇರೆಯಾಗಿತ್ತು. 1950, 1952 ಮತ್ತು 1956ರಲ್ಲಿ ಅರ್ಹತೆ ಪಡೆದ ತಂಡ ಮೂರು ಸಲವೂ ತನ್ನ ಮೊದಲ ಪಂದ್ಯದಲ್ಲೇ ಹೊರಬಿದ್ದಿತು. 1956ರಲ್ಲಿ ಎದುರಾಳಿ ಬಿಲ್ ರಸೆಲ್ ಇದ್ದ ಸ್ಯಾನ್ ಫ್ರಾನ್ಸಿಸ್ಕೊ ತಂಡವಾಗಿದ್ದರಿಂದ ಅದಕ್ಕೊಂದು ಸಮಜಾಯಿಷಿ ಇತ್ತು. ಮೂರಕ್ಕೂ ಸಮಜಾಯಿಷಿ ಹುಡುಕಲು ಆಗುವುದಿಲ್ಲ. 1959–60ರ ಋತುವಿನಲ್ಲಿ 14 ಗೆಲುವು, 12 ಸೋಲು. ಯುಸಿಎಲ್‌ಎಯಲ್ಲಿ ಅವರ ಅತ್ಯಂತ ಕಳಪೆ ಸಾಧನೆ ಅದೇ.

ಆ ಋತು ಮುಗಿದ ಮೇಲೆ ವುಡನ್ ತಮ್ಮ ಹಳೆಯ ಟಿಪ್ಪಣಿಗಳನ್ನೆಲ್ಲ ತೆಗೆದು ಕೂತರು. ಪ್ರತಿದಿನದ ಅಭ್ಯಾಸವನ್ನು ನಿಮಿಷ ನಿಮಿಷಕ್ಕೆ ಲೆಕ್ಕ ಹಾಕಿ ಚಿಕ್ಕ ಕಾರ್ಡಿನ ಮೇಲೆ ಬರೆದುಕೊಳ್ಳುವುದು, ಆಮೇಲೆ ಏನು ಫಲಿಸಿತು, ಏನು ಫಲಿಸಲಿಲ್ಲ ಎಂದು ಗುರುತು ಹಾಕಿ ಜೋಪಾನ ಮಾಡುವುದು ಅವರ ಬಹುಕಾಲದ ಅಭ್ಯಾಸವಾಗಿತ್ತು. ಎರಡು ಗಂಟೆಯ ಅಭ್ಯಾಸಕ್ಕೆ ಸಹಾಯಕರೊಂದಿಗೆ ಕೂತು ಯೋಜನೆ ಹಾಕುವುದಕ್ಕೇ ಎರಡು ಗಂಟೆ ಹಿಡಿಯುತ್ತಿತ್ತು. ಆ ಕಾಗದಗಳನ್ನು ತಿರುವಿ ಹಾಕಿದಾಗ ಅವರಿಗೆ ಕಂಡದ್ದು ಎದುರಾಳಿಗಳ ಶಕ್ತಿಗಿಂತ ತಮ್ಮ ಲೋಪವೇ. ಋತುವಿನ ಕೊನೆಯ ಹೊತ್ತಿಗೆ ಹುಡುಗರನ್ನು ಅತಿಯಾಗಿ ದುಡಿಸಿ ಸುಸ್ತು ಮಾಡಿಬಿಡುತ್ತಿದ್ದೆ, ದೊಡ್ಡ ಪಂದ್ಯಾವಳಿ ಬಂತೆಂದು ಹೊಸ ಹೊಸ ವರಸೆಗಳನ್ನು ತುರುಕುತ್ತಿದ್ದೆ, ಹತ್ತು ಹನ್ನೆರಡು ಆಟಗಾರರಿಗೂ ಸಮನಾಗಿ ಅವಕಾಶ ಹಂಚಲು ಹೋಗಿ ಯಾರ ನಡುವೆಯೂ ಹೊಂದಾಣಿಕೆ ಕೂಡಿಬರದಂತೆ ಮಾಡುತ್ತಿದ್ದೆ ಎಂದು ಅವರು ತೀರ್ಮಾನಿಸಿದರು. ಅಲ್ಲಿಂದ ಮುಂದೆ ಏಳೆಂಟು ಮಂದಿಯ ಪ್ರಧಾನ ಗುಂಪನ್ನು ಬೇಗನೆ ಗುರುತಿಸಿ ಅವರನ್ನೇ ಒಟ್ಟಿಗೆ ಆಡಿಸುವುದು, ಉಳಿದವರಿಗೆ ಅವರವರ ಪಾತ್ರವನ್ನು ಮುಚ್ಚುಮರೆಯಿಲ್ಲದೆ ಹೇಳುವುದು ರೂಢಿಯಾಯಿತು. ಇದಲ್ಲದೆ ಪ್ರತಿ ಬೇಸಿಗೆಯಲ್ಲಿ ಒಂದೇ ಒಂದು ವಿಷಯವನ್ನು, ಉದಾಹರಣೆಗೆ ಫ್ರೀ ಥ್ರೋವನ್ನು (ಎದುರಾಳಿಯ ಫೌಲ್‌ಗೆ ಪ್ರತಿಯಾಗಿ ಅಡ್ಡಿಯಿಲ್ಲದೆ ಬುಟ್ಟಿಗೆ ಎಸೆಯುವ ಅವಕಾಶ), ಹಿಡಿದು ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ, ಅದರಲ್ಲಿ ಹೆಸರಾದ ತರಬೇತುದಾರರನ್ನು ವಿಚಾರಿಸಿ, ತಮ್ಮ ಪದ್ಧತಿಯೊಡನೆ ಹೋಲಿಸಿ ನೋಡುತ್ತಿದ್ದರು. ಇಪ್ಪತ್ತೈದು ವರ್ಷ ಪಾಠ ಹೇಳಿದ ಮೇಲೆಯೂ ಪಾಠದ ಟಿಪ್ಪಣಿಯನ್ನು ಹೊಸದಾಗಿ ಬರೆಯುವ ಅಧ್ಯಾಪಕರು ಎಲ್ಲ ಕಾಲದಲ್ಲೂ ಅಪರೂಪ.

ಇದರ ಫಲ 1962ರಲ್ಲಿ ಕಾಣಿಸಿತು. ತಂಡ ಮೊದಲ ಬಾರಿಗೆ ಕೊನೆಯ ನಾಲ್ಕರೊಳಗೆ ಬಂದು ಸೆಮಿಫೈನಲ್‌ನಲ್ಲಿ ಸಿನ್ಸಿನಾಟಿ ಎದುರು ಆಡಿತು. ಆರಂಭದಲ್ಲೇ 4–18ರ ಹಿನ್ನಡೆ ಅನುಭವಿಸಿಯೂ ಸಮಕ್ಕೆ ಬಂದ ಯುಸಿಎಲ್‌ಎ, ಕೊನೆಯ ಹಂತದಲ್ಲಿ ವಾಲ್ಟ್ ಹ್ಯಾಜರ್ಡ್ ವಿರುದ್ಧ ತೀರ್ಪುಗಾರರು ಕೊಟ್ಟ ಒಂದು ವಿವಾದಿತ ಫೌಲ್‌ನಿಂದ ಚೆಂಡು ಕಳೆದುಕೊಂಡಿತು. ಕೊನೆಯ ಕೆಲವು ಸೆಕೆಂಡುಗಳಲ್ಲಿ ಟಾಮ್ ಥ್ಯಾಕರ್ ಎಸೆದ ಚೆಂಡು ಬುಟ್ಟಿ ಸೇರಿ 72–70ರಿಂದ ಸಿನ್ಸಿನಾಟಿ ಗೆದ್ದಿತು. ಮರುವರ್ಷ ಪ್ರಾದೇಶಿಕ ಸುತ್ತಿನಲ್ಲಿ ಅರಿಜೋನಾ ಸ್ಟೇಟ್ ತಂಡ 93–79ರಿಂದ ಯುಸಿಎಲ್‌ಎಯನ್ನು ಮಣಿಸಿತು. ಒಳ್ಳೆಯ ತಂಡವಿತ್ತು, ಶಿಸ್ತಿತ್ತು, ಆದರೂ ಇನ್ನೇನೋ ಕೊರತೆಯಿತ್ತು.

ಆ ಕೊರತೆಯನ್ನು ಗುರುತಿಸಿದವರು ಸಹಾಯಕ ತರಬೇತುದಾರ ಜೆರಿ ನಾರ್ಮನ್. ಅವರು ವುಡನ್ ಅವರ ಶಿಷ್ಯರೇ ಆಗಿದ್ದವರು. 1963ರ ಸೋಲಿನ ನಂತರ, ಇಡೀ ಅಂಕಣದುದ್ದಕ್ಕೂ ಎದುರಾಳಿಗಳ ಮೇಲೆ ಒತ್ತಡ ಹೇರುವ ‘ಝೋನ್ ಪ್ರೆಸ್’ ರಕ್ಷಣೆಯನ್ನು ಪಂದ್ಯದ ಆರಂಭದಿಂದಲೇ ಅಳವಡಿಸೋಣ ಎಂದು ಅವರು ಪಟ್ಟು ಹಿಡಿದರು. ವುಡನ್ ಅವರಿಗೆ ಪ್ರೆಸ್ ಹೊಸದೇನಲ್ಲ. ಹಿಂದಿನ ತಂಡಗಳಲ್ಲಿ ಬಳಸಿ, ಯುಸಿಎಲ್‌ಎಯಲ್ಲಿ ಅಷ್ಟಾಗಿ ಹೊಂದಲಿಲ್ಲವೆಂದು ಕೈಬಿಟ್ಟಿದ್ದರು. ತಾನೇ ಬದಿಗಿಟ್ಟ ಅಸ್ತ್ರವನ್ನು ಶಿಷ್ಯನೊಬ್ಬ ಎತ್ತಿ ಕೊಟ್ಟಾಗ ತೆಗೆದುಕೊಳ್ಳುವುದು ಸುಲಭವಲ್ಲ. ವುಡನ್ ತೆಗೆದುಕೊಂಡರು. ಇಡೀ ವೃತ್ತಿಜೀವನದ ತಿರುವು ಇದೇ ಎಂದು ನಾನು ತಿಳಿಯುತ್ತೇನೆ.

ಆ ರಕ್ಷಣೆ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎದುರಾಳಿ ತಂಡ ತನ್ನ ಬುಟ್ಟಿಯ ಹಿಂದಿನ ಗೆರೆಯಿಂದ ಐದು ಸೆಕೆಂಡುಗಳೊಳಗೆ ಚೆಂಡನ್ನು ಅಂಕಣಕ್ಕೆ ಎಸೆಯಬೇಕು, ಹತ್ತು ಸೆಕೆಂಡುಗಳೊಳಗೆ ಮಧ್ಯಗೆರೆ ದಾಟಿಸಬೇಕು. ಸಾಮಾನ್ಯವಾಗಿ ರಕ್ಷಕರು ಹಿಂದಕ್ಕೆ ಓಡಿ ತಮ್ಮ ಬುಟ್ಟಿಯ ಬಳಿ ಕಾಯುವುದರಿಂದ ಈ ಹತ್ತು ಸೆಕೆಂಡು ಎದುರಾಳಿಗೆ ವಿಶ್ರಾಂತಿಯ ಸಮಯ. 1963–64ರ ಯುಸಿಎಲ್‌ಎ ಆ ವಿಶ್ರಾಂತಿಯನ್ನು ಕಿತ್ತುಕೊಂಡಿತು. ಮುಂದಿನ ಸಾಲಿನಲ್ಲಿ ಗೇಲ್ ಗುಡ್‌ರಿಚ್ ಮತ್ತು ಫ್ರೆಡ್ ಸ್ಲಾಟರ್, ಎರಡನೆಯ ಸಾಲಿನಲ್ಲಿ ಹ್ಯಾಜರ್ಡ್ ಮತ್ತು ಜ್ಯಾಕ್ ಹರ್ಷ್, ಎಲ್ಲರ ಹಿಂದೆ ಒಬ್ಬಂಟಿ ಕಾವಲಿಗೆ ಕೀತ್ ಎರಿಕ್ಸನ್. ಚೆಂಡು ಒಳಗೆ ಬಂದ ಕೂಡಲೇ ಅದನ್ನು ಮೂಲೆಗೆ ದೂಡಿ ಇಬ್ಬರು ಮುತ್ತಿಗೆ ಹಾಕುವರು. ದಾರಿಯಿಲ್ಲದ ಆಟಗಾರ ಎತ್ತರಕ್ಕೆ ತೇಲಿಸಿ ಪಾಸ್ ಮಾಡುವನು; ತೇಲಿ ಬರುವ ಚೆಂಡು ನಿಧಾನವಾಗಿರುತ್ತದೆ, ಅಷ್ಟರಲ್ಲಿ ಮಧ್ಯದವರೋ ಎರಿಕ್ಸನ್ನರೋ ಅದರ ಕೆಳಗೆ ಬಂದು ನಿಂತಿರುವರು. ಎರಿಕ್ಸನ್ ಅದೇ ವರ್ಷದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ವಾಲಿಬಾಲ್ ತಂಡದಲ್ಲಿ ಆಡಿದವರು ಎಂಬುದನ್ನು ನೆನೆದರೆ ಅವರ ಜಿಗಿತದ ಅಂದಾಜು ಸಿಗುತ್ತದೆ. ಚೆಂಡನ್ನು ನೇರವಾಗಿ ಕಸಿಯುವುದು ಇಲ್ಲಿ ಮುಖ್ಯ ಗುರಿಯಾಗಿರಲಿಲ್ಲ. ಎದುರಾಳಿಯನ್ನು ಅವಸರಕ್ಕೆ ಬೀಳಿಸಿ, ಅವನು ಬಯಸದ ವೇಗದಲ್ಲಿ ಅವನನ್ನು ಆಡಿಸುವುದು ಉದ್ದೇಶ. ಅವಸರ ಒಮ್ಮೆ ಅಂಟಿತೆಂದರೆ ಎರಡು ಮೂರು ನಿಮಿಷಗಳಲ್ಲಿ ಪಂದ್ಯ ಕೈಬಿಟ್ಟುಹೋಗುತ್ತಿತ್ತು.

ಈ ಐವರಲ್ಲಿ ಯಾರೂ 6 ಅಡಿ 5 ಅಂಗುಲಕ್ಕಿಂತ ಎತ್ತರವಿರಲಿಲ್ಲ. ಕಾನ್ಸಾಸ್ ಸಿಟಿಯಲ್ಲಿ 1964ರ ಮಾರ್ಚ್ 21ರಂದು ನಡೆದ ಫೈನಲ್‌ನಲ್ಲಿ ಎದುರಾದ ಡ್ಯೂಕ್ ತಂಡದಲ್ಲಿ 6 ಅಡಿ 10 ಅಂಗುಲದ ಇಬ್ಬರಿದ್ದರು. ಮೊದಲಾರ್ಧದಲ್ಲಿ ಡ್ಯೂಕ್ ಮುಂದಿದ್ದಾಗ ಪ್ರೆಸ್ ಕಚ್ಚಿತು. ಸುಮಾರು ಎರಡೂವರೆ ನಿಮಿಷಗಳಲ್ಲಿ ಯುಸಿಎಲ್‌ಎ ಸತತ 16 ಅಂಕ ಗಳಿಸಿತು, ಡ್ಯೂಕ್‌ಗೆ ಒಂದೂ ಬರಲಿಲ್ಲ. ಬೆಂಚಿನಿಂದ ಎದ್ದು ಬಂದ ಕೆನ್ನಿ ವಾಷಿಂಗ್ಟನ್ 26 ಅಂಕ ಸೇರಿಸಿದರು. 98–83ರಿಂದ ಗೆದ್ದ ತಂಡದ ಆ ವರ್ಷದ ಲೆಕ್ಕ 30 ಗೆಲುವು, ಸೊನ್ನೆ ಸೋಲು. ಮರುವರ್ಷ ಮಿಷಿಗನ್ ಎದುರಿನ ಫೈನಲ್‌ನಲ್ಲಿ ಗುಡ್‌ರಿಚ್ 42 ಅಂಕ ಗಳಿಸಿ ಪ್ರಶಸ್ತಿ ಉಳಿಸಿಕೊಟ್ಟರು.

ಯುದ್ಧತಂತ್ರ ಸಿಕ್ಕ ಮಾತ್ರಕ್ಕೆ ಅದನ್ನು ಆಡುವ ಹುಡುಗರು ತಯಾರಾಗುವುದಿಲ್ಲ. ವುಡನ್ ಅವರ ತರಗತಿ ಹೇಗಿತ್ತು ಎಂಬುದಕ್ಕೆ ಅವರ ಕೊನೆಯ ಋತುವಿನಲ್ಲಿ ನಡೆದ ಒಂದು ಅಧ್ಯಯನ ಒಳ್ಳೆಯ ಸಾಕ್ಷಿ. ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಮನಶ್ಶಾಸ್ತ್ರಜ್ಞರು 1974–75ರಲ್ಲಿ 15 ಅಭ್ಯಾಸಗಳನ್ನು ಕೂತು ನೋಡಿ, ತರಬೇತುದಾರರ ಬೋಧನೆಯ 2,326 ಘಟಕಗಳನ್ನು ಒಂದೊಂದಾಗಿ ದಾಖಲಿಸಿದರು. ಅವುಗಳಲ್ಲಿ ಅರ್ಧಕ್ಕೂ ಮಿಕ್ಕು ಬರೀ ಸೂಚನೆಗಳು: ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ತುಂಡು ಮಾತುಗಳು. ಹೊಗಳಿಕೆ ಶೇ. 7ರಷ್ಟೂ ಇರಲಿಲ್ಲ, ಬೈಗುಳವೂ ಅಷ್ಟೇ. ಹುರಿದುಂಬಿಸುವ ಭಾಷಣ ಇಲ್ಲವೇ ಇಲ್ಲ ಎನ್ನಬೇಕು. ತಪ್ಪು ಕಂಡಾಗ ಆಟ ನಿಲ್ಲಿಸಿ, ಸರಿಯಾದ ಕ್ರಮವನ್ನು ತಾವೇ ಮಾಡಿ ತೋರಿಸಿ, ಹುಡುಗ ಮಾಡಿದ್ದನ್ನು ಅನುಕರಿಸಿ, ಮತ್ತೆ ಸರಿಯಾದುದನ್ನು ತೋರಿಸಿ ಮುಂದೆ ಹೋಗುವರು. ಇಡೀ ಪಾಠ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದು. ನಮ್ಮ ಸಂಗೀತದ ಮೇಷ್ಟ್ರುಗಳು ತಪ್ಪಿದ ಸ್ವರವನ್ನು ಹಾಡಿ ತೋರಿಸಿ, ಸರಿಯಾದುದನ್ನು ಹಾಡಿ, ‘ಹ್ಞೂಂ, ಹೇಳು’ ಎನ್ನುವ ಕ್ರಮವನ್ನು ಕಂಡವರಿಗೆ ಇದು ಅಪರಿಚಿತವಾಗಿ ತೋರದು.

ಪ್ರತಿ ಋತುವಿನ ಮೊದಲ ಪಾಠ ಕಾಲುಚೀಲ ಹಾಕಿಕೊಳ್ಳುವುದು. ದೇಶದ ಮೂಲೆಮೂಲೆಗಳಿಂದ ಆರಿಸಿ ತಂದ, ಪ್ರೌಢಶಾಲೆಯಲ್ಲಿ ದಾಖಲೆಗಳನ್ನು ಮುರಿದು ಬಂದ ಯುವಕರನ್ನು ಕೂರಿಸಿಕೊಂಡು ವುಡನ್ ಕಾಲುಚೀಲವನ್ನು ಬೆರಳುಗಳ ಮೇಲೆ, ಹಿಮ್ಮಡಿಯ ಸುತ್ತ ಹೇಗೆ ಎಳೆಯಬೇಕು, ಸುಕ್ಕು ಉಳಿದಿದೆಯೇ ಎಂದು ಕೈಯಾಡಿಸಿ ಹೇಗೆ ನೋಡಬೇಕು, ಬೂಟಿನ ದಾರವನ್ನು ಒಂದೊಂದು ರಂಧ್ರದ ಬಳಿಯೂ ಹೇಗೆ ಬಿಗಿಯಬೇಕು ಎಂದು ತೋರಿಸುತ್ತಿದ್ದರು. ಹುಡುಗರು ಹೇಳಿದ ಬೂಟಿನ ಅಳತೆಯನ್ನು ನಂಬದೆ ಪಾದವನ್ನು ಅಳೆಸುತ್ತಿದ್ದರು, ಏಕೆಂದರೆ ಬಹಳಷ್ಟು ಮಂದಿ ಸಡಿಲವಾದ ಬೂಟನ್ನೇ ಹಾಕುತ್ತಿದ್ದರು. ಸುಕ್ಕಿನಿಂದ ಬೊಬ್ಬೆ, ಬೊಬ್ಬೆಯಿಂದ ತಪ್ಪಿದ ಅಭ್ಯಾಸ, ಅದರಿಂದ ತಪ್ಪುವ ಹೊಂದಾಣಿಕೆ. ಇಡೀ ಅಂಕಣ ಓಡಿ ಒತ್ತಡ ಹೇರುವುದೇ ತಂಡದ ಪ್ರಾಣವಾಗಿರುವಾಗ ಪಾದದ ಬೊಬ್ಬೆ ಸಣ್ಣ ಸಂಗತಿಯಾಗಿ ಉಳಿಯುವುದಿಲ್ಲ. ಕೇಳಿದವರು ಮೊದಲು ನಕ್ಕರೂ, ಹಲವರು ಮುಂದೆ ಜೀವನವಿಡೀ ಆ ಪಾಠವನ್ನು ಹೇಳಿಕೊಂಡರು.

ಆಲ್ಸಿಂಡರ್ ಅವರ ಮೂರು ವರ್ಷಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 88 ಗೆಲುವು, 2 ಸೋಲು, ಮೂರು ಪ್ರಶಸ್ತಿ. ಮೊದಲ ವರ್ಷದ ವಿದ್ಯಾರ್ಥಿಗಳು ಪ್ರಧಾನ ತಂಡದಲ್ಲಿ ಆಡುವಂತಿಲ್ಲ ಎಂಬ ನಿಯಮ ಆಗ ಇದ್ದುದರಿಂದ ಅವರಿಗೆ ನಾಲ್ಕನೆಯ ವರ್ಷ ಸಿಗಲಿಲ್ಲ. ವುಡನ್ ಅವರ ದೃಷ್ಟಿಯಿಂದ ಮುಖ್ಯವಾದ ಸಂಗತಿಯೆಂದರೆ, ಎತ್ತರವೇ ಇಲ್ಲದ ತಂಡಕ್ಕೆ ರೂಪಿಸಿದ ಆಟವನ್ನು ಎಲ್ಲರಿಗಿಂತ ಎತ್ತರದ ಆಟಗಾರನ ಸುತ್ತ ಅವರು ಮತ್ತೆ ಹೊಸದಾಗಿ ಹೆಣೆಯಬೇಕಾಯಿತು ಮತ್ತು ಹೆಣೆದರು. 1968ರ ಜನವರಿ 20ರಂದು ಹ್ಯೂಸ್ಟನ್‌ನ ಆಸ್ಟ್ರೊಡೋಮ್‌ನಲ್ಲಿ 52,693 ಪ್ರೇಕ್ಷಕರ ಮುಂದೆ, ಕಣ್ಣಿಗೆ ಗಾಯವಾಗಿ ಚೇತರಿಸಿಕೊಳ್ಳುತ್ತಿದ್ದ ಆಲ್ಸಿಂಡರ್ ಅವರನ್ನೇ ಆಡಿಸಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ತಂಡದೆದುರು 71–69ರಿಂದ ಸೋತರು; ಅದೇ ವರ್ಷದ ಸೆಮಿಫೈನಲ್‌ನಲ್ಲಿ ಅದೇ ಹ್ಯೂಸ್ಟನ್ ತಂಡವನ್ನು 101–69ರಿಂದ ಸೋಲಿಸಿದರು.

ವಾಲ್ಟನ್ ಅವರೊಂದಿಗಿನ ಸಂಬಂಧ ಬೇರೆ ಬಗೆಯ ಪರೀಕ್ಷೆ. ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟಿಸಿ 1972ರಲ್ಲಿ ಬಂಧನಕ್ಕೊಳಗಾದ ಆ ಯುವಕ ಉದ್ದ ಕೂದಲು ಬಿಟ್ಟು ಅಭ್ಯಾಸಕ್ಕೆ ಬಂದಾಗ, ಕೂದಲು ಎಷ್ಟಿರಬೇಕೆಂದು ಹೇಳುವ ಹಕ್ಕು ನಿಮಗಿಲ್ಲ ಎಂದು ವಾದಿಸಿದರು. ನಿಜ, ಆ ಹಕ್ಕು ತಮಗಿಲ್ಲ, ಆದರೆ ಯಾರು ಆಡಬೇಕೆಂದು ನಿರ್ಧರಿಸುವ ಹಕ್ಕಿದೆ, ನೀನಿಲ್ಲದೆ ತಂಡಕ್ಕೆ ಬೇಸರವಾಗುತ್ತದೆ ಎಂಬರ್ಥದ ಉತ್ತರ ವುಡನ್ ಅವರಿಂದ ಬಂತು. ದೇಶದ ಅತ್ಯುತ್ತಮ ಆಟಗಾರ ಸೈಕಲ್ಲೇರಿ ಕ್ಷೌರಕ್ಕೆ ಹೋದರು. ಮುಂದೆ ಅದೇ ವಾಲ್ಟನ್ ತಮ್ಮ ಮಕ್ಕಳ ಊಟದ ಚೀಲಗಳ ಮೇಲೆ ಗುರುವಿನ ಮಾತುಗಳನ್ನು ಬರೆದು ಕಳಿಸುತ್ತಿದ್ದರು. 1973ರ ಫೈನಲ್‌ನಲ್ಲಿ ಮೆಂಫಿಸ್ ಸ್ಟೇಟ್ ಎದುರು 22 ಎಸೆತಗಳಲ್ಲಿ 21ನ್ನು ಬುಟ್ಟಿಗೆ ಹಾಕಿ 44 ಅಂಕ ಗಳಿಸಿದ್ದು ಅವರೇ.

1971ರ ಜನವರಿ ಕೊನೆಯಿಂದ 1974ರ ಜನವರಿವರೆಗೆ ಯುಸಿಎಲ್‌ಎ ಸತತ 88 ಪಂದ್ಯ ಗೆದ್ದಿತು. ಆ ಸರಣಿ ಮುರಿದ ದಿನ, 1974ರ ಜನವರಿ 19, ವುಡನ್ ಅವರ ಪದ್ಧತಿಯ ಮಿತಿಯನ್ನೂ ತೋರಿಸುತ್ತದೆ. ನಾತ್ರ ಡೇಮ್ ಎದುರು ಕೊನೆಯ ಮೂರೂವರೆ ನಿಮಿಷ ಉಳಿದಿದ್ದಾಗ ತಂಡ 70–59ರಿಂದ ಮುಂದಿತ್ತು. ಅಲ್ಲಿಂದಾಚೆ ಒಂದಂಕವೂ ಬರಲಿಲ್ಲ. ನಾತ್ರ ಡೇಮ್ ಸತತ 12 ಅಂಕ ಗಳಿಸಿ 71–70ರಿಂದ ಗೆದ್ದಿತು. ಪಾಠವೆಲ್ಲ ಅಭ್ಯಾಸದಲ್ಲಿ ಮುಗಿದಿರಬೇಕು, ಪಂದ್ಯದಲ್ಲಿ ಹುಡುಗರು ತಾವೇ ದಾರಿ ಕಂಡುಕೊಳ್ಳಬೇಕು ಎಂದು ನಂಬಿದ ವುಡನ್ ಟೈಮ್‌ಔಟ್ (ಪಂದ್ಯದ ನಡುವೆ ಆಟಗಾರರಿಗೆ ಸಲಹೆ ಕೊಡಲು ಸಿಗುವ ಕಿರು ವಿರಾಮ) ಕೇಳುವುದು ಯಾವಾಗಲೂ ಕಡಿಮೆ. ಆ ನಂಬಿಕೆ ನೂರು ಪಂದ್ಯಗಳಲ್ಲಿ ತಂಡವನ್ನು ಗಟ್ಟಿ ಮಾಡಿದ್ದು ನಿಜ. ಆ ಮೂರು ನಿಮಿಷಗಳಲ್ಲಿ ಅದು ತಂಡವನ್ನು ಒಂಟಿಯಾಗಿಸಿತು ಎಂಬುದೂ ನಿಜ. ಅದೇ ವರ್ಷ ಸೆಮಿಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ಎರಡು ಹೆಚ್ಚುವರಿ ಅವಧಿಗಳ ನಂತರ 80–77ರಿಂದ ಗೆದ್ದು ಏಳು ವರ್ಷದ ಆಳ್ವಿಕೆಯನ್ನು ಕೊನೆಗಾಣಿಸಿತು.

ಪ್ರಕರಣವನ್ನು ಪ್ರಾಮಾಣಿಕವಾಗಿ ಬರೆಯುವುದಾದರೆ ಎರಡು ಸಂಗತಿಗಳನ್ನು ಮುಚ್ಚಿಡಬಾರದು. ಮೊದಲನೆಯದು ಪಂದ್ಯಾವಳಿಯ ರಚನೆ. ಆ ಕಾಲದಲ್ಲಿ ತಂಡಗಳ ಸಂಖ್ಯೆ ಕಡಿಮೆ, ಪ್ರದೇಶವಾರು ಹಂಚಿಕೆಯಿದ್ದುದರಿಂದ ಯುಸಿಎಲ್‌ಎ ಪಶ್ಚಿಮದ ತಂಡಗಳೊಂದಿಗೇ ಆಡಿ ಕೊನೆಯ ನಾಲ್ಕಕ್ಕೆ ಬರುತ್ತಿತ್ತು, 1975ಕ್ಕೆ ಮುಂಚೆ ಒಂದು ಕಾನ್ಫರೆನ್ಸ್‌ನಿಂದ, ಅಂದರೆ ತಮ್ಮತಮ್ಮಲ್ಲೇ ನಿಯಮಿತವಾಗಿ ಆಡುವ ಕಾಲೇಜುಗಳ ಒಂದು ಕೂಟದಿಂದ, ಒಂದೇ ತಂಡಕ್ಕೆ ಅವಕಾಶವಿತ್ತು. ಅಂದು ನಾಲ್ಕು ಗೆಲುವಿಗೆ ಸಿಗುತ್ತಿದ್ದ ಪ್ರಶಸ್ತಿಗೆ ಇಂದು ಆರು ಗೆಲುವು ಬೇಕು. ಇದರಿಂದ ಹತ್ತರ ತೂಕ ಸ್ವಲ್ಪ ಇಳಿಯಬಹುದು, ಆದರೆ ಅದೇ ವ್ಯವಸ್ಥೆಯಲ್ಲಿ ಆಡಿದ ಬೇರಾರೂ ಅದರ ಹತ್ತಿರಕ್ಕೂ ಬರಲಿಲ್ಲ.

ಎರಡನೆಯದು ಹೆಚ್ಚು ನೋವಿನದು. ಸ್ಯಾಮ್ ಗಿಲ್ಬರ್ಟ್ ಎಂಬ ಶ್ರೀಮಂತ ಕಟ್ಟಡ ಗುತ್ತಿಗೆದಾರ ಯುಸಿಎಲ್‌ಎ ಆಟಗಾರರಿಗೆ ಹಲವು ಬಗೆಯ ನೆರವು ನೀಡುತ್ತಿದ್ದ ಸಂಗತಿ, ವುಡನ್ ನಿವೃತ್ತರಾದ ಮೇಲೆ, 1980ರ ದಶಕದ ಆರಂಭದಲ್ಲಿ ಬಯಲಾಯಿತು. 1981ರಲ್ಲಿ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆ ಯುಸಿಎಲ್‌ಎ ಮೇಲೆ ದಂಡನೆ ವಿಧಿಸಿ, ಆತನೊಂದಿಗೆ ಸಂಬಂಧ ಕಡಿದುಕೊಳ್ಳುವಂತೆ ಆದೇಶಿಸಿತು. ವುಡನ್ ಮೇಲೆ ಯಾವ ದೋಷವೂ ಸಾಬೀತಾಗಲಿಲ್ಲ. ಆದರೆ ಪತ್ರಿಕಾ ತನಿಖೆಗಳು ಅವರ ಕಾಲದ ಆಟಗಾರರನ್ನೂ ಹೆಸರಿಸಿದವು, ಮತ್ತು ತಮ್ಮ ದೃಷ್ಟಿ ಬಹುಶಃ ಕಿರಿದಾಗಿತ್ತೇನೋ ಎಂದು ಅವರೇ ಮುಂದೆ ಹೇಳಿಕೊಂಡರು. ಕಾಲುಚೀಲದ ಸುಕ್ಕನ್ನು ಕಂಡ ಕಣ್ಣಿಗೆ ಇದು ಕಾಣಲಿಲ್ಲವೇ ಎಂಬ ಪ್ರಶ್ನೆ ಅವರನ್ನು ಮೆಚ್ಚುವ ನನ್ನಂಥವರನ್ನೂ ಕಾಡುತ್ತದೆ. ಅಂಕಣದ ಒಳಗಿನದೇ ತನ್ನ ಹೊಣೆ ಎಂದು ಗೆರೆ ಎಳೆದುಕೊಂಡವರಿಗೆ ಗೆರೆಯಾಚೆಗಿನದನ್ನು ವಿಚಾರಿಸುವ ಧೈರ್ಯ ಬರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಇಂಡಿಯಾನಾದಲ್ಲಿ ಒಂದು ಆಹ್ವಾನವನ್ನೇ ಬೇಡವೆಂದ ಮನುಷ್ಯನಿಂದ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ಅನ್ಯಾಯವಲ್ಲ.

1975ರ ಮಾರ್ಚ್ ಕೊನೆಯಲ್ಲಿ ಸ್ಯಾನ್ ಡಿಯಾಗೊದಲ್ಲಿ ಸೆಮಿಫೈನಲ್. ಎದುರಾಳಿ ಲೂಯಿವಿಲ್ ತಂಡದ ತರಬೇತುದಾರ ಡೆನ್ನಿ ಕ್ರಮ್, ವುಡನ್ ಅವರ ಹಳೆಯ ಶಿಷ್ಯ ಮತ್ತು ಸಹಾಯಕ. ಹೆಚ್ಚುವರಿ ಅವಧಿಯ ಕೊನೆಯ ಕ್ಷಣಗಳಲ್ಲಿ ರಿಚರ್ಡ್ ವಾಷಿಂಗ್ಟನ್ ಹಾಕಿದ ಬುಟ್ಟಿಯಿಂದ ಯುಸಿಎಲ್‌ಎ 75–74ರಿಂದ ಗೆದ್ದಿತು. ಡ್ರೆಸಿಂಗ್ ರೂಮಿಗೆ ಹೋಗಿ, ಮುಂದಿನ ಪಂದ್ಯವೇ ತಮ್ಮ ಕೊನೆಯದು ಎಂದು ವುಡನ್ ಹುಡುಗರಿಗೆ ತಿಳಿಸಿದರು. ಮಾರ್ಚ್ 31ರಂದು ಕೆಂಟಕಿ ಎದುರಿನ ಫೈನಲ್‌ನಲ್ಲಿ ಅವರು ಬಳಸಿದ್ದು ಆರೇ ಆಟಗಾರರನ್ನು. 92–85ರಿಂದ ಹತ್ತನೆಯ ಪ್ರಶಸ್ತಿ ಬಂತು. ಇಪ್ಪತ್ತೇಳು ಋತುಗಳ ಒಟ್ಟು ಲೆಕ್ಕ 620 ಗೆಲುವು, 147 ಸೋಲು.

ಅವರ ಜಾಗಕ್ಕೆ ಬಂದ ಜೀನ್ ಬಾರ್ಟೋ ಎರಡು ವರ್ಷಗಳಲ್ಲಿ 52 ಪಂದ್ಯ ಗೆದ್ದು 9ರಲ್ಲಿ ಮಾತ್ರ ಸೋತು, ಜನರ ನಿರೀಕ್ಷೆಯ ಭಾರ ತಾಳದೆ ಹೊರಟುಹೋದರು. ಅವರ ನಂತರ ಬಂದ ಗ್ಯಾರಿ ಕನಿಂಗ್‌ಹ್ಯಾಮ್ ಅವರೂ 50 ಗೆಲುವು, 8 ಸೋಲಿನ ಎರಡು ವರ್ಷ ಮುಗಿಸಿ ನಿಂತರು. ಯುಸಿಎಲ್‌ಎಗೆ ಮುಂದಿನ ಪ್ರಶಸ್ತಿ ಬರಲು 1995ರವರೆಗೆ ಕಾಯಬೇಕಾಯಿತು. ನೆಲ್ 1985ರ ಮಾರ್ಚ್ 21ರಂದು ತೀರಿಕೊಂಡ ಮೇಲೆ ವುಡನ್ ಪ್ರತಿ ತಿಂಗಳ 21ರಂದು ಆಕೆಗೊಂದು ಪತ್ರ ಬರೆದು ದಿಂಬಿನ ಮೇಲಿಡುತ್ತಿದ್ದರು. 2003ರಲ್ಲಿ ಪಾಲೆ ಪೆವಿಲಿಯನ್ನಿನ ಅಂಕಣಕ್ಕೆ ತಮ್ಮ ಹೆಸರಿಡುವ ಪ್ರಸ್ತಾಪ ಬಂದಾಗ ಹೆಂಡತಿಯ ಹೆಸರು ಮೊದಲು ಬರಬೇಕೆಂದು ಕೇಳಿಕೊಂಡರು, ಹಾಗೆಯೇ ಅದು ‘ನೆಲ್ ಮತ್ತು ಜಾನ್ ವುಡನ್ ಅಂಕಣ’ವಾಯಿತು. 2010ರ ಜೂನ್ 4ರಂದು, ನೂರು ತುಂಬಲು ನಾಲ್ಕು ತಿಂಗಳಷ್ಟೇ ಉಳಿದಿದ್ದಾಗ, ಅವರು ಕಣ್ಣು ಮುಚ್ಚಿದರು. ನಿವೃತ್ತಿಯ ನಂತರ ಪಂದ್ಯ ನೋಡಲು ಬಂದು ಅವರು ಕೂರುತ್ತಿದ್ದ, ತಂಡದ ಬೆಂಚಿನ ಹಿಂಬದಿಯ ಎರಡನೆಯ ಸಾಲಿನ ಮೊದಲ ಕುರ್ಚಿಯನ್ನು ವಿಶ್ವವಿದ್ಯಾಲಯ ಮತ್ತಾರಿಗೂ ಕೊಡದೆ ಹಾಗೆಯೇ ಉಳಿಸಿಕೊಂಡಿತು.